ಬಿರುಗಾಳಿಯ ಬೆನ್ನಟ್ಟಿದವರು, ಬಿದ್ದ ಮರ ಓದಿದವರು

ಎಪ್ರಿಲ್, ಮೇ ತಿಂಗಳುಗಳಲ್ಲಿ ಸಂಜೆ ಹೊತ್ತಿಗೆ ಮೂಡು ದಿಕ್ಕಿನ ಘಟ್ಟದ ಮೇಲೆ ಮೋಡ ಕಪ್ಪಿಟ್ಟಿತೆಂದರೆ ನಮ್ಮ ಜಿಲ್ಲೆಯ ತೋಟದ ಮನೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಅಂಗಳದ ಅಡಕೆಯನ್ನು ಗೋರಿ ಗೋಣಿಗೆ ತುಂಬಬೇಕು, ಗುಡ್ಡೆಯಲ್ಲಿ ಕಟ್ಟಿದ ದನವನ್ನು ಹಟ್ಟಿಗೆ ತರಬೇಕು, ಒಣಗಲು ಹಾಕಿದ ಬಟ್ಟೆ, ಹಪ್ಪಳ ಎಲ್ಲವನ್ನೂ ಒಳಗಿಡಬೇಕು. ಮೊದಲು ಗಾಳಿ ಪೂರ್ತಿ ನಿಲ್ಲುತ್ತದೆ. ತೆಂಗಿನ ಗರಿಯೂ ಅಲುಗುವುದಿಲ್ಲ. ಆಮೇಲೆ ಎಲ್ಲಿಂದಲೋ ತಣ್ಣನೆಯ ಗಾಳಿ ಧುತ್ತೆಂದು ಬಂದು ಬಡಿಯುತ್ತದೆ. ಎರಡು ನಿಮಿಷ, ಹೆಚ್ಚೆಂದರೆ ಐದು ನಿಮಿಷ. ಅದರ ಬೆನ್ನಿಗೇ ಮಳೆ, ಗುಡುಗು, ಕರೆಂಟು ಹೋದ ಕತ್ತಲೆ. ಮಳೆ ಬಿಟ್ಟ ಮೇಲೆ ಟಾರ್ಚು ಹಿಡಿದು ತೋಟಕ್ಕಿಳಿದವರಿಗೆ ಕಾಣುವುದು ನಡು ಮುರಿದು ಬಿದ್ದ ಕಂಗುಗಳು. ಸಸಿ ನೆಟ್ಟು, ನೀರು ಹೊತ್ತು, ಸೊಪ್ಪು ಹಾಕಿ ಒಂದು ಕಂಗನ್ನು ಫಲಕ್ಕೆ ತರಲು ಐದಾರು ವರ್ಷ ಬೇಕು. ಮುರಿಯಲು ಎರಡು ನಿಮಿಷ ಸಾಕು.

ಮರುದಿನದ ಪತ್ರಿಕೆಯಲ್ಲಿ "ಸುಂಟರಗಾಳಿಗೆ ಅಪಾರ ನಷ್ಟ" ಎಂಬ ತಲೆಬರಹ ಇದ್ದೇ ಇರುತ್ತದೆ. ಬಳಿಕ ವಿಲೇಜ್ ಆಫೀಸಿನವರು ಬರುತ್ತಾರೆ, ಕೃಷಿ ಭವನದವರು ಬರುತ್ತಾರೆ. ಎಷ್ಟು ಕಂಗು, ಎಷ್ಟು ತೆಂಗು, ಎಷ್ಟು ಹಂಚು, ಶೀಟು ಎಷ್ಟು ಹಾರಿತು ಎಂದು ಲೆಕ್ಕ ಬರೆದುಕೊಳ್ಳುತ್ತಾರೆ. ಎಲ್ಲವೂ ಬೇಕಾದ ಲೆಕ್ಕಗಳೇ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಬಿದ್ದ ಮರಗಳ ತಲೆ ಯಾವ ದಿಕ್ಕಿಗಿತ್ತು?

ನಷ್ಟದಲ್ಲಿ ಕುಳಿತವನ ಮುಂದೆ ಇಂಥ ಪ್ರಶ್ನೆ ಹಾಕಿದರೆ ಹುಚ್ಚು ಎಂದಾನು. ಆದರೆ ಇದೇ ಪ್ರಶ್ನೆಯನ್ನು ಹಿಡಿದು ಜೀವಮಾನವಿಡೀ ನಡೆದ ಒಬ್ಬ ಜಪಾನಿ ಅಧ್ಯಾಪಕನಿಂದಾಗಿ ಇಂದು ಜಗತ್ತಿನ ವಿಮಾನ ಪ್ರಯಾಣಿಕರು ಎಷ್ಟೋ ಹೆಚ್ಚು ಸುರಕ್ಷಿತರಾಗಿದ್ದಾರೆ. ಆತನ ಕತೆಯನ್ನೂ, ಅಮೆರಿಕದ ಬಯಲಿನಲ್ಲಿ ಕಾರು ಹತ್ತಿ ಬಿರುಗಾಳಿಯನ್ನೇ ಬೆನ್ನಟ್ಟುವವರ ಕತೆಯನ್ನೂ ನಮ್ಮ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೋಡದೊಳಗಿನ ಹತ್ತುಗಾಳಿ, ಇಳಿಗಾಳಿ

ಮೊದಲು ಗುಡುಗು ಮೋಡವೆಂದರೇನೆಂದು ಒಂದಿಷ್ಟು ತಿಳಿದರೆ ಮುಂದಿನದು ಸಲೀಸು. ಬಿಸಿಲಿಗೆ ಕಾದ ನೆಲದ ಗಾಳಿ, ಕಡಲಿನ ತೇವವನ್ನೂ ಹೊತ್ತುಕೊಂಡು ಮೇಲಕ್ಕೇರುತ್ತದೆ. ಮೇಲೆ ತಣಿದಾಗ ಆವಿ ಹನಿಯಾಗುತ್ತದೆ. ಹನಿಯಾಗುವಾಗ ಆವಿ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುವುದರಿಂದ ಗಾಳಿ ಮತ್ತಷ್ಟು ಹಗುರವಾಗಿ ಇನ್ನೂ ಮೇಲೆ ನುಗ್ಗುತ್ತದೆ. ಹೀಗೆ ಮೋಡ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಗೋಪುರದಂತೆ ಬೆಳೆಯುತ್ತದೆ. ಇದು ಹತ್ತುಗಾಳಿ.

ಎಷ್ಟು ಹೊತ್ತು ಹೊತ್ತೀತು? ಹನಿಯೂ ಆಲಿಕಲ್ಲೂ ಭಾರವಾಗಿ ಕೆಳಗೆ ಬೀಳತೊಡಗುತ್ತವೆ. ಬೀಳುವಾಗ ಸುತ್ತಲಿನ ಗಾಳಿಯನ್ನೂ ಎಳೆದು ತರುತ್ತವೆ. ದಾರಿಯಲ್ಲಿ ಕೆಲವು ಹನಿಗಳು ಆರಿ ಹೋಗುವಾಗ ಗಾಳಿ ಮತ್ತಷ್ಟು ತಣ್ಣಗಾಗಿ ಭಾರವಾಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಇದೇ ಕಾರಣಕ್ಕೆ. ಈ ಭಾರದ ಗಾಳಿ ನೆಲಕ್ಕೆ ಬಿದ್ದು ಏನಾಗುತ್ತದೆ? ಸೆಗಣಿ ಸಾರಿಸಿದ ಅಂಗಳದ ನಡುವೆ ಒಂದು ಕೊಡಪಾನ ನೀರನ್ನು ಮೇಲಿನಿಂದ ಸುರಿದು ನೋಡಿದರೆ ತಿಳಿಯುತ್ತದೆ. ನೀರು ನೆಲಕ್ಕೆ ಬಡಿದು ಎಲ್ಲ ಕಡೆಗೂ ಚೆಲ್ಲಿ ಓಡುತ್ತದೆ. ಮಳೆಗೆ ಮುಂಚೆ ನಮ್ಮ ಮುಖಕ್ಕೆ ತಗಲುವ ತಂಗಾಳಿ ಈ ಚೆಲ್ಲಿದ ಗಾಳಿಯ ಅಂಚೇ. ಸಾಮಾನ್ಯವಾಗಿ ಅದು ಹಿತವಾಗಿರುತ್ತದೆ. ಒಮ್ಮೊಮ್ಮೆ ಕೊಡಪಾನವಲ್ಲ, ಇಡೀ ಕೆರೆಯೇ ಒಮ್ಮೆಲೇ ಕವಿಚಿ ಬಿದ್ದಂತೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಡೌನ್‌ಬರ್ಸ್ಟ್ ಎನ್ನುತ್ತಾರೆ; ನಾವು ಸದ್ಯಕ್ಕೆ ಸುರಿಗಾಳಿ ಎಂದಿಟ್ಟುಕೊಳ್ಳೋಣ.

ಸುಂಟರಗಾಳಿ ಬೇರೆ. ಇಡೀ ಮೋಡವೇ ನಿಧಾನವಾಗಿ ತಿರುಗತೊಡಗಿ, ಆ ತಿರುಗುವಿಕೆ ಬಿಗಿಯಾಗುತ್ತಾ ಆನೆಯ ಸೊಂಡಿಲಿನಂತೆ ನೆಲ ಮುಟ್ಟಿದರೆ ಅದು ಟೊರ್ನಾಡೊ, ಅಂದರೆ ನಿಜವಾದ ಸುಂಟರಗಾಳಿ. ಒಂದು ಸುತ್ತುತ್ತದೆ, ಇನ್ನೊಂದು ಚೆಲ್ಲುತ್ತದೆ. ಎರಡೂ ಮರ ಬೀಳಿಸುತ್ತವೆ, ಎರಡೂ ಮಾಡು ಹಾರಿಸುತ್ತವೆ. ಯಾವುದು ಬಂದು ಹೋಯಿತೆಂದು ಮರುದಿನ ಹೇಳಬೇಕಾದರೆ ಸಾಕ್ಷಿ ಬಿದ್ದ ಮರಗಳು ಮಾತ್ರ.

ಶ್ಮಶಾನದ ಬಿದಿರು ಹೇಳಿದ್ದು

ತೆತ್ಸುಯಾ ಫ್ಯುಜಿತಾ ಹುಟ್ಟಿದ್ದು 1920ರಲ್ಲಿ, ಜಪಾನಿನ ಕ್ಯೂಶೂ ದ್ವೀಪದಲ್ಲಿ. 1945ರ ಅಗೋಸ್ತು ತಿಂಗಳಲ್ಲಿ ಆತ ಕೊಕುರಾ ಪಟ್ಟಣದ ಬಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಇಪ್ಪತ್ತನಾಲ್ಕರ ತರುಣ. ಅಗೋಸ್ತು 9ರಂದು ಅಣುಬಾಂಬು ಹೊತ್ತ ಅಮೆರಿಕದ ವಿಮಾನ ಮೊದಲು ಬಂದದ್ದು ಕೊಕುರಾ ಪಟ್ಟಣದ ಮೇಲೆಯೇ. ಅಂದು ಮೋಡವೂ ಹೊಗೆಯೂ ಕವಿದು ಗುರಿ ಕಾಣಲಿಲ್ಲ. ವಿಮಾನ ಮುಂದೆ ಹೋಗಿ ನಾಗಾಸಾಕಿಯ ಮೇಲೆ ಬಾಂಬು ಹಾಕಿತು. ಮೋಡ ತಿಳಿಯಾಗಿದ್ದರೆ ನಮಗೆ ಈ ಕತೆಯೇ ಇರುತ್ತಿರಲಿಲ್ಲ.

ಕೆಲವು ವಾರಗಳ ಬಳಿಕ ಫ್ಯುಜಿತಾ ನಾಗಾಸಾಕಿಗೂ ಹಿರೋಶಿಮಾಕ್ಕೂ ಹೋಗಿ ನಾಶವನ್ನು ಪರಿಶೀಲಿಸಿದ. ಸುತ್ತಲಿನ ಶವ, ಬೂದಿ, ದುಃಖಗಳ ನಡುವೆ ಆತ ನೋಡಿದ್ದು ಗುರುತುಗಳನ್ನು. ಜಪಾನಿನಲ್ಲಿ ಸಮಾಧಿಯ ಮುಂದೆ ಹೂ ಇಡಲು ಬಿದಿರಿನ ಕೊಳವೆ ನೆಡುವ ಪದ್ಧತಿಯಿದೆ. ಆ ಬಿದಿರುಗಳ ಒಂದು ಮಗ್ಗುಲು ಮಾತ್ರ ಸುಟ್ಟಿತ್ತು. ಬೇರೆ ಬೇರೆ ಶ್ಮಶಾನಗಳ ಬಿದಿರು ಎತ್ತ ಕಡೆ ಸುಟ್ಟಿದೆಯೆಂದು ಅಳೆದು, ಗೆರೆ ಎಳೆದು, ಬಾಂಬು ನೆಲ ಮುಟ್ಟದೆ ಸುಮಾರು ಐನೂರು ಮೀಟರ್ ಎತ್ತರದಲ್ಲಿ ಸಿಡಿದದ್ದೆಂದು ಲೆಕ್ಕ ಹಾಕಿದ. ಇನ್ನೊಂದು ಸಂಗತಿಯೂ ಅವನ ಮನಸ್ಸಿನಲ್ಲಿ ಉಳಿಯಿತು. ಸ್ಫೋಟದ ನೇರ ಕೆಳಗಿನ ಮರಗಳು ಸುಟ್ಟು ಕರಕಾಗಿಯೂ ನಿಂತೇ ಇದ್ದವು. ಸುತ್ತಲಿನವು ಮಾತ್ರ ನಡುವಿನಿಂದ ಹೊರಮುಖವಾಗಿ, ನಕ್ಷತ್ರದ ಕಿರಣಗಳಂತೆ ಬಿದ್ದಿದ್ದವು. ಮೇಲಿನಿಂದ ಬಂದ ಹೊಡೆತ ಹಾಗೆಯೇ ಗುರುತು ಬಿಡುತ್ತದೆ. ಈ ಚಿತ್ರ ಅವನೊಳಗೆ ಇಪ್ಪತ್ತೊಂಬತ್ತು ವರ್ಷ ಮಲಗಿತ್ತು.

ಯುದ್ಧಾನಂತರದ ಜಪಾನಿನಲ್ಲಿ ಅಧ್ಯಾಪಕನ ಕೈಯಲ್ಲಿ ಏನಿದ್ದೀತು? 1947ರಲ್ಲಿ ಸೆಬುರಿ ಎಂಬ ಬೆಟ್ಟದ ಹವಾಮಾನ ಠಾಣೆಯಲ್ಲಿ ಗುಡುಗು ಮಳೆಯೊಂದು ದಾಟಿ ಹೋದಾಗ ಗಾಳಿಯ ಒತ್ತಡ ಏರಿಳಿದ ರೀತಿಯನ್ನು ಗುರುತಿಸಿ, ಮೋಡದಿಂದ ಗಾಳಿ ಕೆಳಗೂ ಸುರಿಯುತ್ತದೆ ಎಂದು ಆತ ತೀರ್ಮಾನಿಸಿದ. ಅದೇ ಕಾಲಕ್ಕೆ ಅಮೆರಿಕದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಹೊರೇಸ್ ಬೈಯರ್ಸ್ ಎಂಬವರು ಯುದ್ಧವಿಮಾನಗಳನ್ನೇ ಗುಡುಗು ಮೋಡದೊಳಗೆ ನುಗ್ಗಿಸಿ, ಸರಕಾರದ ದೊಡ್ಡ ಮೊತ್ತದ ಖರ್ಚಿನಲ್ಲಿ ಇದೇ ವಿಷಯ ಕಂಡುಹಿಡಿಯುತ್ತಿದ್ದರು. ಬೆಟ್ಟದ ಮೇಲಿದ್ದ ಅಮೆರಿಕನ್ ರಾಡಾರ್ ಠಾಣೆಯವರು ಕಸಕ್ಕೆ ಎಸೆದ ಕಾಗದಗಳಲ್ಲಿ ಬೈಯರ್ಸ್ ಅವರ ಲೇಖನವೊಂದು ಫ್ಯುಜಿತಾನ ಕೈಗೆ ಬಂತು. ಆತ ಟೈಪ್‌ರೈಟರ್ ಕೊಂಡು, ತನ್ನ ಬರಹವನ್ನು ಇಂಗ್ಲಿಷಿಗೆ ತಂದು ಬೈಯರ್ಸ್ ಅವರಿಗೆ ಕಳುಹಿಸಿಕೊಟ್ಟ. ಒಂದು ಒತ್ತಡಮಾಪಕ, ಒಂದು ಪೆನ್ಸಿಲು ಇವುಗಳಿಂದ ಈತ ತಲುಪಿದ ಜಾಗಕ್ಕೇ ತಾವು ವಿಮಾನಗಳ ಪಡೆಯೊಂದಿಗೆ ತಲುಪಿದ್ದೇವೆಂದು ಬೈಯರ್ಸ್ ಅವರಿಗೆ ಅರ್ಥವಾಯಿತು. ಅದನ್ನು ಒಪ್ಪಿಕೊಳ್ಳುವ ದೊಡ್ಡ ಮನಸ್ಸೂ ಇತ್ತು. 1953ರಲ್ಲಿ ಫ್ಯುಜಿತಾ ಶಿಕಾಗೊ ಸೇರಿದ. ಪ್ರಯೋಗಶಾಲೆಯಲ್ಲಿ ಸಾಮಾನು ಇಲ್ಲ, ಆದ್ದರಿಂದ ವಿಜ್ಞಾನ ಕಲಿಯಲಾಗುವುದಿಲ್ಲ ಎಂದು ನಮ್ಮ ಶಾಲೆಗಳಲ್ಲಿ ಗೊಣಗುವ ಮಕ್ಕಳಿಗೆ (ಅಧ್ಯಾಪಕರಿಗೂ) ಈ ಭಾಗವನ್ನು ಎರಡು ಸಲ ಓದಿ ಹೇಳುವುದು ನಮ್ಮ ರೂಢಿ.

1957ರ ಜೂನ್ 20ರಂದು ಅಮೆರಿಕದ ಉತ್ತರ ಡಕೋಟಾ ರಾಜ್ಯದ ಫಾರ್ಗೊ ಪಟ್ಟಣದ ಮೇಲೆ ಟೊರ್ನಾಡೊ ಎರಗಿತು. ಫ್ಯುಜಿತಾ ಊರವರು ತೆಗೆದಿದ್ದ ಫೋಟೋಗಳನ್ನು ನೂರಕ್ಕೂ ಮಿಕ್ಕಿ ಒಟ್ಟುಮಾಡಿ, ಪ್ರತಿಯೊಂದನ್ನೂ ಎಲ್ಲಿ ನಿಂತು, ಎಷ್ಟು ಹೊತ್ತಿಗೆ ತೆಗೆದದ್ದೆಂದು ಪತ್ತೆ ಮಾಡಿ, ಸುಂಟರಗಾಳಿಯ ಹುಟ್ಟಿನಿಂದ ಸಾವಿನ ತನಕದ ಜಾತಕ ಬರೆದ. 1971ರಲ್ಲಿ ಆತ ನಾಶವನ್ನು ನೋಡಿ ಗಾಳಿಯ ಬಲ ಅಂದಾಜು ಮಾಡುವ ಸೊನ್ನೆಯಿಂದ ಐದರ ವರೆಗಿನ ಮಾಪಕವನ್ನು ರೂಪಿಸಿದ. ಕೊಂಬೆ ಮುರಿದರೆ ಸೊನ್ನೆ, ಗಟ್ಟಿ ಮನೆ ಪಾಯದಿಂದಲೇ ಹಾರಿದರೆ ಐದು. ಅವನ ಹೆಸರಿನ ಮೊದಲಕ್ಷರದಿಂದ ಅದಕ್ಕೆ ಎಫ್ ಮಾಪಕ ಎಂದೇ ಹೆಸರು.

ಕಾಡಿನಲ್ಲಿ ಮತ್ತೆ ಕಂಡ ನಕ್ಷತ್ರ

1974ರ ಎಪ್ರಿಲ್ 3 ಮತ್ತು 4ರಂದು, ಒಂದು ದಿನದೊಳಗೆ, ಅಮೆರಿಕದ ಹದಿಮೂರು ರಾಜ್ಯಗಳಲ್ಲಿ 148 ಟೊರ್ನಾಡೊಗಳು ಎದ್ದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಫ್ಯುಜಿತಾ ಮತ್ತು ಸಂಗಡಿಗರು ಸಣ್ಣ ವಿಮಾನದಲ್ಲಿ ಹಾರುತ್ತಾ ಒಂದೊಂದರ ಜಾಡನ್ನೂ ನಕ್ಷೆಯಲ್ಲಿ ಗುರುತಿಸಿದರು. ಪಶ್ಚಿಮ ವರ್ಜೀನಿಯಾದ ಕಾಡಿನ ಮೇಲೆ ಹೋಗುತ್ತಿರುವಾಗ ಕೆಳಗೆ ಮರಗಳು ಸುತ್ತಿ ಬಿದ್ದಿರಲಿಲ್ಲ. ಒಂದು ಕೇಂದ್ರದಿಂದ ಎಲ್ಲ ದಿಕ್ಕಿಗೂ ಹೊರಮುಖವಾಗಿ ಚೆಲ್ಲಿ ಬಿದ್ದಿದ್ದವು. ನಾಗಾಸಾಕಿಯಲ್ಲಿ ಕಂಡ ಅದೇ ನಕ್ಷತ್ರ! ಇಲ್ಲಿ ಬಾಂಬಿಲ್ಲ. ಹಾಗಾದರೆ ಮೇಲಿನಿಂದ ಬಿದ್ದದ್ದು ಗಾಳಿಯೇ ಇರಬೇಕು.

ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಗುಡುಗು ಮಳೆಯ ನಡುವೆ ಇಳಿಯುತ್ತಿದ್ದ ಈಸ್ಟರ್ನ್ ಕಂಪೆನಿಯ ವಿಮಾನವೊಂದು ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿ 113 ಮಂದಿ ಸತ್ತರು. ಅದಕ್ಕೆ ಸ್ವಲ್ಪವೇ ಮುಂಚೆ ಬಂದ ವಿಮಾನಗಳಲ್ಲಿ ಕೆಲವು ಸಲೀಸಾಗಿ ಇಳಿದಿದ್ದವು, ಕೆಲವು ತತ್ತರಿಸಿ ಹೇಗೋ ಪಾರಾಗಿದ್ದವು. ಒಂದೇ ಮಳೆ, ಒಂದೇ ದಾರಿ, ಗತಿ ಬೇರೆ ಬೇರೆ. ಫ್ಯುಜಿತಾ ವಿಮಾನಗಳ ದಾಖಲೆ ನೋಡಿ ಹೇಳಿದ: ಇದು ನಾಲ್ಕು ಕಿಲೋಮೀಟರಿಗಿಂತ ಕಿರಿದಾದ, ಕೆಲವೇ ನಿಮಿಷ ಬಾಳುವ ಸುರಿಗಾಳಿ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ, ವಿಮಾನ ಏರುತ್ತದೆ. ಪೈಲಟ್ ವೇಗ ತಗ್ಗಿಸುತ್ತಾನೆ. ಮರುಕ್ಷಣ ಮೇಲಿನಿಂದ ಅದುಮುವ ಗಾಳಿ, ಅದರ ಹಿಂದೆಯೇ ಬೆನ್ನಿನಿಂದ ನೂಕುವ ಗಾಳಿ. ರೆಕ್ಕೆಗೆ ಆಧಾರವೇ ತಪ್ಪಿ ವಿಮಾನ ಕುಸಿಯುತ್ತದೆ.

ವಿದ್ವಾಂಸರು ಕೂಡಲೇ ತಲೆಬಾಗಲಿಲ್ಲ. ಇಷ್ಟು ಸಣ್ಣದೂ ಇಷ್ಟು ಬಲವಾದದೂ ಆದ ಗಾಳಿ ಮೋಡದಿಂದ ನೆಲದ ತನಕ ಬರಲಾರದು, ಇದು ಫ್ಯುಜಿತಾನ ಕಲ್ಪನೆ ಎಂದವರೇ ಹೆಚ್ಚು. ಅವರನ್ನು ದೂರುವಂತಿಲ್ಲ, ಸಾಕ್ಷಿ ಕೇಳುವುದು ವಿಜ್ಞಾನದ ಕ್ರಮ. ಸಾಕ್ಷಿ ಸಿಕ್ಕಿತು. 1978ರಲ್ಲಿ ಶಿಕಾಗೊ ಬಳಿ, 1982ರಲ್ಲಿ ಡೆನ್ವರ್ ಬಳಿ ಡಾಪ್ಲರ್ ರಾಡಾರ್‌ಗಳನ್ನಿಟ್ಟು ಕಾದಾಗ ಇಂಥ ಸಣ್ಣ ಸುರಿಗಾಳಿಗಳು ಮೊದಲ ಸಲ ಐವತ್ತು, ಎರಡನೆಯ ಸಲ ನೂರಕ್ಕೂ ಮಿಕ್ಕಿ ಸಿಕ್ಕಿದವು. 1983ರ ಅಗೋಸ್ತು 1ರಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ವಿಮಾನ ಆಂಡ್ರೂಸ್ ವಾಯುನೆಲೆಯಲ್ಲಿ ಇಳಿದು ಕೆಲವೇ ನಿಮಿಷಗಳಲ್ಲಿ ಅದೇ ನೆಲೆಯ ಮೇಲೆ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಸುರಿಗಾಳಿ ಬಿತ್ತು. ಆದರೂ ಬುದ್ಧಿ ಪೂರ್ತಿ ಬರಲು 1985ರ ಅಗೋಸ್ತು 2ರಂದು ಡಲ್ಲಾಸ್ ನಿಲ್ದಾಣದಲ್ಲಿ ಇನ್ನೊಂದು ವಿಮಾನ ಬಿದ್ದು ನೂರಮೂವತ್ತಕ್ಕೂ ಹೆಚ್ಚು ಜನ ಸಾಯಬೇಕಾಯಿತು. ಆ ಬಳಿಕ ವಿಮಾನಗಳಲ್ಲಿ ಎಚ್ಚರಿಕೆಯ ಉಪಕರಣ, ನಿಲ್ದಾಣಗಳಲ್ಲಿ ರಾಡಾರ್, ಪೈಲಟರಿಗೆ ತರಬೇತಿ ಎಲ್ಲವೂ ಬಂದವು. ಅಮೆರಿಕದಲ್ಲಿ ಇಂಥ ಗಾಳಿಗೆ ಸಿಕ್ಕಿ ದೊಡ್ಡ ಪ್ರಯಾಣಿಕ ವಿಮಾನ ಬಿದ್ದದ್ದು 1994ರಲ್ಲಿ ಕೊನೆಯದು.

ಒಂದು ತಮಾಷೆ ಹೇಳದೆ ಮುಂದೆ ಹೋಗಲಾಗದು. "ಮಿಸ್ಟರ್ ಟೊರ್ನಾಡೊ" ಎಂದು ಹೆಸರಾದ ಈ ಮನುಷ್ಯ ಒಂದು ಟೊರ್ನಾಡೊವನ್ನು ಕಣ್ಣಾರೆ ಕಂಡದ್ದು 1982ರ ಜೂನ್ ತಿಂಗಳಲ್ಲಿ, ತನ್ನ ಅರುವತ್ತೊಂದನೆಯ ವಯಸ್ಸಿನಲ್ಲಿ! ಅಷ್ಟರ ತನಕದ್ದೆಲ್ಲ ಗಾಳಿ ಹೋದ ಮೇಲೆ ನೆಲದಲ್ಲಿ ಓದಿದ್ದು. 1998ರ ನವೆಂಬರ್‌ನಲ್ಲಿ ಆತ ತೀರಿಕೊಂಡ.

ಬೆನ್ನಟ್ಟುವವರು

ಫ್ಯುಜಿತಾ ಗಾಳಿಯ ಹಿಂದಿನಿಂದ ಹೋದವನು. ಗಾಳಿಯ ಮುಂದೆಯೇ ಹೋಗಿ ನಿಲ್ಲುವವರ ಇನ್ನೊಂದು ಪಂಗಡವೂ ಇದೆ. ಅಮೆರಿಕದ ನಡುಭಾಗದ ಓಕ್ಲಹೋಮಾ, ಕಾನ್ಸಾಸ್ ಮೊದಲಾದ ರಾಜ್ಯಗಳು ಗೋಧಿಯ ಬಯಲುಗಳು. ಗುಡ್ಡೆಯಿಲ್ಲ, ಕಾಡಿಲ್ಲ, ಮೈಲುಗಟ್ಟಲೆ ದೂರದ ಮೋಡವೂ ಬುಡದಿಂದ ತುದಿಯ ತನಕ ಕಾಣುತ್ತದೆ. ರಸ್ತೆಗಳು ಚದುರಂಗದ ಮನೆಗಳಂತೆ ನೆಟ್ಟಗೆ ಕೊಯ್ದಿವೆ. ಮೇ, ಜೂನ್ ತಿಂಗಳಲ್ಲಿ ದಕ್ಷಿಣದ ಕೊಲ್ಲಿಯ ತೇವದ ಗಾಳಿ ಪಶ್ಚಿಮದ ಒಣಗಾಳಿಯನ್ನು ಸಂಧಿಸುವಲ್ಲಿ ದೈತ್ಯ ಮೋಡಗಳು ಏಳುತ್ತವೆ. ಡೇವಿಡ್ ಹೋಡ್ಲಿ ಎಂಬಾತ 1956ರಲ್ಲೇ ಇವುಗಳ ಬೆನ್ನು ಹತ್ತತೊಡಗಿದ. 1977ರಲ್ಲಿ ಇಂಥವರಿಗಾಗಿ ಒಂದು ಸಣ್ಣ ಪತ್ರಿಕೆಯನ್ನೇ ಹೊರಡಿಸಿದ.

ವಿಜ್ಞಾನಿಗಳಿಗೂ ಇದು ಬೇಕಾಯಿತು. ರಾಡಾರ್ ದೂರದಿಂದ ಏನನ್ನೋ ತೋರಿಸುತ್ತದೆ, ಆದರೆ ಆ ಹೊತ್ತಿಗೆ ನೆಲದಲ್ಲಿ ನಿಜಕ್ಕೂ ಏನಾಗುತ್ತಿದೆಯೆಂದು ಕಣ್ಣಿನಲ್ಲಿ ನೋಡಿ ಹೇಳುವವರು ಬೇಕಲ್ಲ? 1973ರ ಮೇ 24ರಂದು ಓಕ್ಲಹೋಮಾದ ಯೂನಿಯನ್ ಸಿಟಿ ಎಂಬಲ್ಲಿ ಬೆನ್ನಟ್ಟಿದ ತಂಡ ಒಂದು ಟೊರ್ನಾಡೊವನ್ನು ಆದಿಯಿಂದ ಅಂತ್ಯದ ತನಕ ಚಿತ್ರೀಕರಿಸಿತು. ಅದೇ ಹೊತ್ತಿಗೆ ಡಾಪ್ಲರ್ ರಾಡಾರ್ ಕೂಡ ಅದನ್ನು ನೋಡುತ್ತಿತ್ತು. ಕುಂಬಳೆ ಸ್ಟೇಶನಿನಲ್ಲಿ ನಿಲ್ಲದೆ ಓಡುವ ರೈಲಿನ ಸೀಟಿ, ಹತ್ತಿರ ಬರುವಾಗ ಕೀರಲಾಗಿ, ದಾಟಿ ಹೋಗುವಾಗ ದಪ್ಪನಾಗಿ ಕೇಳುವುದನ್ನು ನಾವು ಗಮನಿಸಿದ್ದೇವೆ. ಡಾಪ್ಲರ್ ರಾಡಾರ್ ಇದೇ ಉಪಾಯದಿಂದ ಮೋಡದೊಳಗಿನ ಹನಿಗಳು ತನ್ನತ್ತ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಎಂದು ಅಳೆಯುತ್ತದೆ. ಚಿತ್ರವನ್ನೂ ರಾಡಾರನ್ನೂ ಹೋಲಿಸಿದಾಗ, ಸೊಂಡಿಲು ನೆಲ ಮುಟ್ಟುವ ಎಷ್ಟೋ ನಿಮಿಷ ಮುಂಚೆಯೇ ಮೋಡದೊಳಗೆ ಸುತ್ತು ಆರಂಭವಾಗಿದ್ದುದು ಕಂಡಿತು. ಇಂದು ಅಲ್ಲಿ ಜನರಿಗೆ ಮುಂಚಿತವಾಗಿ ಸೈರನ್ ಕೇಳುವುದಕ್ಕೆ ಈ ಹೋಲಿಕೆಯೇ ತಳಹದಿ.

ಬೆನ್ನಟ್ಟಿದವರಲ್ಲಿ ಟಿಮ್ ಸಮಾರಸ್ ಎಂಬಾತನ ಹೆಸರು ದೊಡ್ಡದು. ಕಾಲೇಜಿನ ಪದವಿಯಿಲ್ಲದ, ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಕಲಿತ ಇಂಜಿನಿಯರ್. ಆಮೆಯ ಬೆನ್ನಿನಂತೆ ಚಪ್ಪಟೆಯಾದ, ಗಾಳಿ ಎತ್ತಲಾಗದ ಉಪಕರಣ ಮಾಡಿ, ಟೊರ್ನಾಡೊ ಬರುವ ದಾರಿಯಲ್ಲಿಟ್ಟು ಓಡಿಬರುವುದು ಅವನ ಕೆಲಸ. 2003ರ ಜೂನ್ 24ರಂದು ದಕ್ಷಿಣ ಡಕೋಟಾದ ಮ್ಯಾಂಚೆಸ್ಟರ್ ಎಂಬ ಪುಟ್ಟ ಹಳ್ಳಿಯ ಬಳಿ ಅವನ ಆಮೆಯ ಮೇಲೆಯೇ ಟೊರ್ನಾಡೊ ಹಾದು, ಗಾಳಿಯ ಒತ್ತಡ ಕ್ಷಣಗಳಲ್ಲಿ ನೂರು ಮಿಲಿಬಾರ್ ಕುಸಿದದ್ದು ದಾಖಲಾಯಿತು. ಅಂಥ ಅಳತೆ ಅದಕ್ಕೆ ಮೊದಲು ಯಾರಿಗೂ ಸಿಕ್ಕಿರಲಿಲ್ಲ. ಆ ಹಳ್ಳಿ ಮಾತ್ರ ಪೂರ್ತಿ ಹೋಯಿತು; ಮತ್ತೆ ಕಟ್ಟಲಿಲ್ಲ.

2013ರ ಮೇ 31ರ ಸಂಜೆ ಓಕ್ಲಹೋಮಾದ ಎಲ್ ರೀನೊ ಪಟ್ಟಣದ ಬಳಿ ಎದ್ದದ್ದು ಅದುವರೆಗೆ ಅಳೆದವುಗಳಲ್ಲೆಲ್ಲ ಅಗಲದ ಟೊರ್ನಾಡೊ. ಅಗಲ ನಾಲ್ಕು ಕಿಲೋಮೀಟರಿಗೂ ಮಿಕ್ಕಿ. ಹನ್ನೊಂದು ದಿನ ಮುಂಚೆಯಷ್ಟೆ ಅದೇ ರಾಜ್ಯದ ಮೂರ್ ಎಂಬಲ್ಲಿ 24 ಜನ ಸತ್ತಿದ್ದುದರಿಂದ ಹೆದರಿದ ನಗರವಾಸಿಗಳು ಕಾರು ಹತ್ತಿ ಓಡುತ್ತಿದ್ದರು. ನೋಡಲೆಂದೇ ಬಂದವರ ಕಾರುಗಳೂ ರಸ್ತೆ ತುಂಬಿದ್ದವು. ಮಳೆಯ ಪರದೆಯೊಳಗೆ ಸೊಂಡಿಲು ಕಾಣುತ್ತಿರಲಿಲ್ಲ. ಅದು ಒಮ್ಮೆಲೇ ಹಿಗ್ಗಿ, ವೇಗ ಹೆಚ್ಚಿಸಿ, ಬಡಗಿಗೆ ತಿರುಗಿತು. ಟಿಮ್ ಸಮಾರಸ್, ಅವನ ಇಪ್ಪತ್ತನಾಲ್ಕರ ಮಗ ಪೋಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ತಮ್ಮ ಸಣ್ಣ ಕಾರಿನೊಂದಿಗೆ ಅದಕ್ಕೆ ಸಿಕ್ಕಿ ಸತ್ತರು. ಈ ಕೆಲಸದಲ್ಲಿ ಎಲ್ಲರಿಗಿಂತ ಎಚ್ಚರಿಕೆಯವನೆಂದು ಹೆಸರು ಪಡೆದವನೇ ಹೋದನೆಂಬುದು ಬೆನ್ನಟ್ಟುವವರನ್ನೆಲ್ಲ ನಡುಗಿಸಿತು.

ಆ ಬಳಿಕದ ಪರಿಶೀಲನೆಯಲ್ಲಿ ವಿಚಿತ್ರವೊಂದು ನಡೆಯಿತು. ಓಕ್ಲಹೋಮಾ ವಿಶ್ವವಿದ್ಯಾಲಯದ ಚಲಿಸುವ ರಾಡಾರ್ ಈ ಗಾಳಿಯೊಳಗೆ ಗಂಟೆಗೆ 480 ಕಿಲೋಮೀಟರಿನಷ್ಟು ವೇಗ ಅಳೆದಿತ್ತು. ಆದ್ದರಿಂದ ಮೊದಲು ಅದಕ್ಕೆ ಐದನೆಯ ದರ್ಜೆ ಕೊಟ್ಟರು. ಕೆಲವು ತಿಂಗಳ ಬಳಿಕ ಮೂರಕ್ಕೆ ಇಳಿಸಿದರು. ಯಾಕೆ? ಮಾಪಕ ಅಳೆಯುವುದು ಮುರಿದುದನ್ನು. ಆ ಗಾಳಿ ಬಹುಪಾಲು ಬೀಸಿದ್ದು ಬರೇ ಗೋಧಿ ಗದ್ದೆಗಳ ಮೇಲೆ. ಮುರಿಯಲು ಏನೂ ಇಲ್ಲದ ಕಡೆ ಗಾಳಿಗೆ ಸಾಕ್ಷಿಯೂ ಇಲ್ಲ. ಅಲ್ಲಿನ ಪಂಡಿತರು ಇದನ್ನು ಹಿಡಿದು ಇಂದಿಗೂ ವಾದಿಸುತ್ತಾರೆ.

ಮಾಪಕದ ಬಗ್ಗೆ ಇನ್ನೊಂದು ತಕರಾರು ಅದಕ್ಕಿಂತ ಹಳೆಯದು. ಮನೆ ಹಾರಿತೆಂದರೆ ಗಾಳಿ ಬಲವಾಗಿತ್ತೆಂದೇ ಅರ್ಥವೇ? ಮೊಳೆ ಸಡಿಲವಿದ್ದಿರಬಹುದು. ಮುರಕಲ್ಲಿನ ಗೋಡೆಯ ಮನೆಯೂ ನಾಲ್ಕು ಕಂಬದ ಮೇಲಿನ ತಗಡಿನ ಕೊಟ್ಟಿಗೆಯೂ ಒಂದೇ ಗಾಳಿಗೆ ಒಂದೇ ರೀತಿ ವರ್ತಿಸುವುದಿಲ್ಲವಷ್ಟೆ. ಇದಕ್ಕಾಗಿಯೇ 2007ರಿಂದ ಅಮೆರಿಕದವರು ಮನೆ, ಶಾಲೆ, ಕಂಬ, ಮರ ಹೀಗೆ 28 ಬಗೆಯ ವಸ್ತುಗಳಿಗೆ ಬೇರೆ ಬೇರೆ ಲೆಕ್ಕವಿರುವ ಹೊಸ ಮಾಪಕ ಬಳಸುತ್ತಾರೆ. ಅದರಲ್ಲಿ ಮರಗಳಿಗೆ ಎರಡೇ ಜಾತಿ, ಗಟ್ಟಿ ಮರ ಮತ್ತು ಮೆದು ಮರ. ನಮ್ಮ ಕಂಗು ಎರಡರಲ್ಲೂ ಸೇರದು.

ನಮ್ಮ ತೋಟಗಳಲ್ಲಿ

ಟೊರ್ನಾಡೊ ಅಮೆರಿಕದ ಸ್ವತ್ತಲ್ಲ. 1989ರ ಎಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕಗಂಜ್ ಪ್ರದೇಶದಲ್ಲಿ ಒಂದೇ ಟೊರ್ನಾಡೊಗೆ ಸುಮಾರು 1,300 ಜನ ಬಲಿಯಾದರು. ಜಗತ್ತಿನಲ್ಲಿ ಅಷ್ಟು ಜೀವ ತೆಗೆದದ್ದು ಇನ್ನೊಂದಿಲ್ಲ. 1998ರ ಮಾರ್ಚ್ 24ರಂದು ಬಂಗಾಳ, ಒರಿಸ್ಸಾ ಗಡಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಬಂಗಾಳದ ಬೇಸಗೆಯ ಬಿರುಮಳೆಗೆ ಕಾಲಬೈಶಾಖಿ ಎಂದು ಹೆಸರು. ನಮ್ಮಲ್ಲಿ ಎಡವಪ್ಪಾದಿಯ ಮುಂಚೆ ಒಂದು, ತುಲಾ ತಿಂಗಳಲ್ಲಿ ಇನ್ನೊಂದು, ಹೀಗೆ ವರ್ಷಕ್ಕೆ ಎರಡು ಗುಡುಗಿನ ಕಾಲ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಲೇಬೇಕೆಂದು ತುಳುವರು ಹೇಳುವುದೂ ಮೊದಲನೆಯ ಕಾಲಕ್ಕೆ ಸೇರಿದ ಮಾತು. ಆದರೆ ನಮ್ಮ ಗುಡ್ಡೆ, ಬೈಲು, ತಿರುವು ರಸ್ತೆಗಳ ನಾಡಿನಲ್ಲಿ ಮೋಡ ಬೆನ್ನಟ್ಟುವ ಮಾತೇ ಬೇಡ. ತಲೆಯ ಮೇಲೆ ಬರುವ ತನಕ ಮೋಡವೇ ಕಾಣುವುದಿಲ್ಲ. ಸಿಡಿಲಿನ ಭಯ ಬೇರೆ. ಮಿಂಚು ಕಂಡು ಗುಡುಗು ಕೇಳುವ ನಡುವೆ ಎಣಿಸಿರಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತರೊಳಗೆ ಕೇಳಿಸಿದರೆ ತೋಟದಲ್ಲಿ ನಿಲ್ಲಬಾರದು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯದೆ ಹೊರಗಿಳಿಯಬಾರದು.

ನಮಗೆ ತಕ್ಕದ್ದು ಫ್ಯುಜಿತಾನ ದಾರಿ. ನಾವು ಕೆಲವು ಅಧ್ಯಾಪಕರು ಹೈಸ್ಕೂಲಿನ ಮಕ್ಕಳೊಂದಿಗೆ ಇದನ್ನು ಒಂದೆರಡು ಸಲ ಮಾಡಿ ನೋಡಿದ್ದೇವೆ. ಬೇಕಾದದ್ದು ದಿಕ್ಸೂಚಿ, ಕಾಗದ, ಪೆನ್ಸಿಲು. ತೋಟದ ಒರಟು ನಕ್ಷೆ ಬರೆದು, ಬಿದ್ದ ಒಂದೊಂದು ಕಂಗಿಗೂ ಬುಡದಿಂದ ತಲೆಯ ಕಡೆಗೆ ಒಂದು ಬಾಣ. ಎಲ್ಲ ಬಾಣಗಳೂ ಒಂದೇ ಕಡೆಗಿದ್ದರೆ ನೇರಗಾಳಿ. ಬೀಸಾಳೆಯಂತೆ ಒಂದು ಕಡೆಯಿಂದ ಬಿಚ್ಚಿಕೊಂಡು ಹೊರಗೆ ಹರಡಿದ್ದರೆ ಸುರಿಗಾಳಿ. ಇಕ್ಕಟ್ಟಾದ ಉದ್ದ ಪಟ್ಟಿಯಲ್ಲಿ ಎರಡೂ ಬದಿಯ ಬಾಣಗಳು ನಡುವಿಗೆ ಮುಖ ಮಾಡಿ, ಒಂದರ ಮೇಲೊಂದು ಅಡ್ಡಲಾಗಿ ಬಿದ್ದಿದ್ದರೆ ಮಾತ್ರ ಅದನ್ನು ಸುಂಟರಗಾಳಿ ಎನ್ನಬಹುದು. ಕೆಲವು ಎಚ್ಚರಿಕೆಗಳೂ ಬೇಕು. ಅಣಬೆ ರೋಗ ಹಿಡಿದ ಕಂಗು ಯಾವ ಗಾಳಿಗೂ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಒಂದು ಬಿದ್ದು ಪಕ್ಕದ್ದನ್ನು ಎಳೆದುಕೊಂಡಿದ್ದರೆ ಎರಡನೆಯದಕ್ಕೆ ಬಾಣ ಬೇಡ. ಇಳಿಜಾರಿನ ಮರದ ಮಾತನ್ನು ಅರ್ಧವೇ ನಂಬಬೇಕು. ನಡು ಮುರಿದದ್ದೋ ಬೇರು ಸಮೇತ ಕಿತ್ತದ್ದೋ ಎಂದು ಬದಿಯಲ್ಲಿ ಬರೆಯಬೇಕು.

ಎರಡು ಗುಡ್ಡೆಗಳ ನಡುವಿನ ಒಂದು ತೋಟದಲ್ಲಿ ಹೀಗೆ ಬಾಣ ಬರೆಯುತ್ತಿರುವಾಗ ಮನೆಯ ಹಿರಿಯಮ್ಮ ಹುಣಿಯ ಮೇಲೆ ನಿಂತು ನೋಡುತ್ತಿದ್ದರು. "ಅಲ್ಲ ಮಾಸ್ಟ್ರೇ, ಮರ ಎತ್ತ ಬಿದ್ದರೇನು, ಬಿದ್ದದ್ದು ಬಿದ್ದದ್ದೇ ಅಲ್ಲವಾ?" ಎಂದರು. ಉತ್ತರ ಹೇಳಲು ನಮಗೆ ನಾಲಿಗೆ ಏಳಲಿಲ್ಲ. ವರ್ಷದ ಅನ್ನ ನೆಲದಲ್ಲಿ ಮಲಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ನಿನ್ನೆಯದು ಬೀಸಿದ ಗಾಳಿ ಅಲ್ಲ ಮಾಸ್ಟ್ರೇ, ಬಿದ್ದ ಗಾಳಿ. ಮೇಲಿಂದ ಬಿದ್ದ ಹಾಗೆ ಆಯಿತು." ಮಕ್ಕಳು ಬರೆದ ಬಾಣಗಳು ಬಾವಿಕಟ್ಟೆಯ ಬಳಿಯಿಂದ ಮೂರು ಕಡೆಗೆ ಬಿಚ್ಚಿಕೊಂಡಿದ್ದವು. ಪತ್ರಿಕೆಯಲ್ಲಿ ಅಂದು ಬಂದದ್ದು ಸುಂಟರಗಾಳಿ ಎಂದೇ.

ಹೆಸರು ಏನಾದರೇನು ಎನ್ನುವಂತಿಲ್ಲ. ಸುಂಟರಗಾಳಿಯಾದರೆ ಅದು ಅಪೂರ್ವ, ಇನ್ನೊಮ್ಮೆ ಇಲ್ಲೇ ಬರಲಾರದೆಂದು ಕೈ ಚೆಲ್ಲಿ ಕುಳಿತುಕೊಳ್ಳಬಹುದು. ಸುರಿಗಾಳಿ ಹಾಗಲ್ಲ, ಬಲವಾದ ಯಾವ ಗುಡುಗು ಮೋಡದಿಂದಲೂ ಬಿದ್ದೀತು. ಕೊಟ್ಟಿಗೆಯ ಶೀಟಿಗೆ ಗಟ್ಟಿ ಕೊಕ್ಕೆ ಹಾಕುವುದು, ಮನೆಯ ಮೇಲೆ ಬಾಗಿದ ಮರ ಕಡಿಯುವುದು, ಮೋಡ ಕವಿದು ಗಾಳಿ ನಿಂತ ಹೊತ್ತಿಗೆ ಮಕ್ಕಳನ್ನು ಮರದಡಿಯಿಂದ ಕರೆಯುವುದು ಇವೆಲ್ಲ ಪ್ರತಿವರ್ಷದ ಕೆಲಸ.

ಮಹಜರಿನ ಬಗ್ಗೆಯೂ ಒಂದು ಮಾತಿದೆ. ತಮ್ಮದೇ ನಷ್ಟದ ಕಾಗದಕ್ಕೆ, ಅದರಲ್ಲಿ ಏನು ಬರೆದಿದೆಯೆಂದು ಓದಲಾರದೆ, ಕೆಳಗೆ ಕನ್ನಡದಲ್ಲಿ ರುಜು ಹಾಕಿ ಕೊಡುವ ಹಿರಿಯರು ನಮ್ಮ ಪಂಚಾಯತುಗಳಲ್ಲಿ ಈಗಲೂ ಇದ್ದಾರೆ. ಮಲಯಾಳ ಓದಬಲ್ಲ ಮಗನೋ ಸೊಸೆಯೋ ಬದಿಯಲ್ಲಿ ಕುಳಿತು, ಮರಗಳ ಸಂಖ್ಯೆಯನ್ನೂ ಸರ್ವೆ ನಂಬ್ರವನ್ನೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ರುಜು ಹಾಕಿಸಿರಿ. ಬಾಣದ ನಕ್ಷೆಯನ್ನು ತಾರೀಕು, ಹೊತ್ತು, ಗಾಳಿ ಎಷ್ಟು ನಿಮಿಷ ಇತ್ತು ಎಂಬುದರೊಂದಿಗೆ ಕನ್ನಡದಲ್ಲಿ ಬರೆದು, ಬಿದ್ದ ಮರಗಳ ಫೋಟೋವನ್ನೂ ಸೇರಿಸಿ ಮನೆಯಲ್ಲಿ ಇಟ್ಟುಕೊಳ್ಳಿರಿ.

ಇದನ್ನು ಮರುದಿನ ಬೆಳಗ್ಗೆಯೇ ಮಾಡಬೇಕು. ಮಧ್ಯಾಹ್ನದೊಳಗೆ ಆಳುಗಳು ಕತ್ತಿ, ಗರಗಸ ಹಿಡಿದು ಬರುತ್ತಾರೆ. ಸೋಗೆ ಒಂದು ಕಡೆ, ಹಾಳೆ ಒಂದು ಕಡೆ, ಎಳೆಯ ಅಡಕೆಯ ಗೊನೆ ಇನ್ನೊಂದು ಕಡೆ ಹೋಗುತ್ತದೆ. ಮರ ಸೀಳಿ ದಬ್ಬೆಯಾಗಿ ಹಟ್ಟಿಯ ಗೋಡೆಗೆ ಒರಗುವ ಹೊತ್ತಿಗೆ ಅದು ಯಾವ ದಿಕ್ಕಿಗೆ ಬಿದ್ದಿತ್ತೆಂದು ಹೇಳುವವರು ಯಾರೂ ಉಳಿದಿರುವುದಿಲ್ಲ.